ಗೋದಕ್ಕನ ‘ಇಲ್ಲಾಂದ್ರ?’

ಗೋದಕ್ಕನ ಮುಂದೆ ಯಾರು ಏನು ಹೇಳಿದರೂ ಅವರ ಮೊದಲ ಮಾತು “ಇಲ್ಲಾಂದ್ರ?” ಎಂಬುದೇ. ಪಕ್ಕದ ಮನೆಯವರು ಸಂಜೆ ಹಪ್ಪಳದ ಹಿಟ್ಟು ಕಲಸಲು ಬರುತ್ತೇನೆ ಎಂದರೆ “ಇಲ್ಲಾಂದ್ರ?” ಬಡಗಿ ಗುರುವಾರದೊಳಗೆ ಕಪಾಟು ಮುಗಿಸಿಕೊಡುತ್ತೇನೆ ಎಂದರೆ ಮರಾಠಿಯಲ್ಲಿ “ನಾಹೀತರ?” ಒಮ್ಮೆ ಗಂಡಿನ ತಂದೆಯೊಬ್ಬರು ಕೈ ಜೋಡಿಸಿ, “ನಮ್ಮ ಹುಡುಗ ಬಂಗಾರದಂಥಾವ ಇದ್ದಾನ್ರಿ ಅಕ್ಕಾರ” ಎಂದಾಗಲೂ ಗೋದಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅದೇ ಪ್ರಶ್ನೆ ಕೇಳಿದ್ದರು. ಆ ಮನುಷ್ಯ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಇವರು ಜಗಳಗಂಟಿ ಎಂದು ಕೆಲವರು ಅಂದುಕೊಂಡಿದ್ದರು. ಆ ಮಾತಿನಲ್ಲಿ ಸಂಶಯಕ್ಕಿಂತ ಕಾಳಜಿ ಹೆಚ್ಚು ಎಂದು ನನಗೆ ತಿಳಿಯುವಷ್ಟರಲ್ಲಿ ನಾನು ಅವರಿಗೆ ಮಾಡಬಾರದ್ದನ್ನು ಮಾಡಿ ಮುಗಿಸಿದ್ದೆ.

ಪೂರ್ತಿ ಹೆಸರು ಗೋದಾವರಿಬಾಯಿ. ಧಾರವಾಡದ ಕಡೆಯವರು. ಪುಣೆಯ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಪತ್ರ ವಿಂಗಡಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಹಳೆ ಊರಿನ ಪೇಠದಲ್ಲಿ, ಹತ್ತಾರು ಬಿಡಾರಗಳ ಹಳೆಯ ವಾಡೆಯೊಂದರ ಮಹಡಿಯಲ್ಲಿ ಎರಡು ಕೋಣೆ ಹಿಡಿದು ಒಬ್ಬರೇ ಇದ್ದರು. ನಮ್ಮ ಕನ್ನಡ ಮಂಡಳಿಯ ವಧೂವರ ವಿಭಾಗವೆಂದರೆ ಗೋದಕ್ಕನ ಆ ಮುಂದಿನ ಕೋಣೆಯೇ. ತಾವು ಮಾತ್ರ ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ನನ್ನ ತಾಯಿಗಿತ್ತು, ಕೇಳಿದಳು. “ನನ್ನ ಚೀಟಿ ಯಾ ಖಾನೆದಾಗೂ ಕೂಡಲಿಲ್ಲವಾ” ಎಂದು ಗೋದಕ್ಕ ನಕ್ಕುಬಿಟ್ಟರು.

ಖಾನೆ ಎಂದರೆ ಅವರ ಕೋಣೆಯ ಗೋಡೆಗೆ ಒರಗಿಸಿದ್ದ ಮರದ ಚೌಕಟ್ಟು. ಅಂಚೆ ಕಚೇರಿಯಲ್ಲಿ ಊರೂರಿನ ಪತ್ರ ಹಾಕಲು ಗೂಡುಗೂಡಾಗಿ ಮಾಡಿರುತ್ತಾರಲ್ಲ, ಥೇಟ್ ಅಂಥದೇ ಒಂದನ್ನು ಹೇಳಿ ಮಾಡಿಸಿದ್ದರು. ಮದುವೆಯಾಗಬೇಕಾದ ಗಂಡು ಹೆಣ್ಣುಗಳ ಚೀಟಿಗಳೆಲ್ಲ ಅದರಲ್ಲಿ. ಪ್ರತಿ ಖಾನೆಗೂ ಹೆಸರು ಅಂಟಿಸಿದ್ದರು, ಕೊನೆಯದೊಂದನ್ನು ಬಿಟ್ಟು. ಯಾವ ಗುಂಪಿಗೂ ಸೇರದವರ ಚೀಟಿ ಅಲ್ಲಿಗೆ ಹೋಗುತ್ತಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಮೊದಲು ಆ ಹೆಸರಿಲ್ಲದ ಖಾನೆಯ ಚೀಟಿಗಳನ್ನು ಒಂದೊಂದಾಗಿ ತೆಗೆದು ಓದಿ, ಆಮೇಲೆಯೇ ಉಳಿದವರ ಕಡೆ ತಿರುಗುತ್ತಿದ್ದರು.

ತೊಂಬತ್ತರ ದಶಕದ ನಡುವೆ ಮಂಡಳಿಗೆ ಕಂಪ್ಯೂಟರ್ ಹುಚ್ಚು ಹಿಡಿಯಿತು. ಯಾವುದೋ ಕಚೇರಿಯವರು ಬೇಡವೆಂದು ಬಿಟ್ಟ ಒಂದು ಕಂಪ್ಯೂಟರನ್ನು ಕಾರ್ಯದರ್ಶಿ ದೇಶಪಾಂಡೆಯವರು ತಂದು ಕೂರಿಸಿ, ಗೋದಕ್ಕನ ಚೀಟಿಗಳನ್ನೆಲ್ಲ ಅದಕ್ಕೆ ಉಣಿಸಲು ಒಬ್ಬ ಜಾಣ ಬೇಕೆಂದರು. ಆ ಜಾಣ ನಾನೇ. ಸಣ್ಣ ಕಂಪನಿಯೊಂದರಲ್ಲಿ ಪ್ರೋಗ್ರಾಂ ಬರೆಯುವ ನೌಕರಿ ಸಿಕ್ಕು ಒಂದೂವರೆ ವರ್ಷವಾಗಿತ್ತು. ಕಾಲು ನೆಲದ ಮೇಲೆ ಇರಲಿಲ್ಲ. ಒಬ್ಬ ಮುದುಕಿಯ ಚೀಟಿಗಳನ್ನು ಎರಡು ಭಾನುವಾರದಲ್ಲಿ ಮುಗಿಸುತ್ತೇನೆ ಎಂದು ಹೇಳಿ ಬಂದೆ. ಹಿಡಿದದ್ದು ಹನ್ನೊಂದು ಭಾನುವಾರ.

ಯಾಕೆಂದರೆ ಗೋದಕ್ಕನ ತಲೆಯಲ್ಲಿದ್ದದ್ದು ಚೀಟಿಗಳಲ್ಲ, ಪ್ರಶ್ನೆಗಳ ಸರಪಳಿ. “ಮೊದಲ ಗೋತ್ರ ಕೇಳು. ಒಂದೇ ಇತ್ತಂದ್ರ ಅಲ್ಲಿಗೇ ಮುಗೀತು. ವಯಸ್ಸು, ನೌಕರಿ ಎಲ್ಲಾ ಕೇಳಿ ಕಡೀಕೆ ಗೋತ್ರ ಕೂಡೂದಿಲ್ಲಂತ ಹೇಳಿದ್ರ ಅಷ್ಟೊತ್ತು ಆಸೆ ಹಚ್ಚಿಧಂಗಾತು. ಅದು ಪಾಪ” ಎನ್ನುತ್ತಿದ್ದರು. ಗೋತ್ರ ಬೇರೆಯಾದರೆ ವಯಸ್ಸು. ವಯಸ್ಸು ಹೊಂದಿದರೆ ಹಿಂದೆ ಮದುವೆಯಾಗಿತ್ತೇ. ಇಲ್ಲವಾದರೆ ಒಂದು ದಾರಿ, ಆಗಿತ್ತೆಂದರೆ ಇನ್ನೊಂದು. ಹುಡುಗನ ತಾಯಿ ಹಾಸಿಗೆ ಹಿಡಿದಿದ್ದರೆ, ನೌಕರಿ ಬಿಡಲೊಲ್ಲದ ಹುಡುಗಿಯ ಚೀಟಿ ಅವನಿಗೆ ತೋರಿಸಬಾರದು. ಆದರೆ ಅವಳು ನರ್ಸ್ ಆಗಿದ್ದರೆ ಒಮ್ಮೆ ಕೇಳಿ ನೋಡಬೇಕು. ನನ್ನ ಕಾಲೇಜಿನಲ್ಲಿ ಯಾರೂ ಇಷ್ಟು ಚೆನ್ನಾಗಿ ಷರತ್ತುಗಳ ಬಗ್ಗೆ ಪಾಠ ಮಾಡಿರಲಿಲ್ಲ. ಕಂಪ್ಯೂಟರ್ ಮಾಡುವುದೂ ಅದನ್ನೇ. ಕೊಟ್ಟ ಷರತ್ತುಗಳನ್ನು ಮೇಲಿನಿಂದ ಒಂದೊಂದಾಗಿ ನೋಡುತ್ತದೆ, ಯಾವುದು ಮೊದಲು ನಿಜವಾಗುತ್ತದೋ ಆ ದಾರಿ ಹಿಡಿಯುತ್ತದೆ, ಕೆಳಗಿನದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಎಲ್ಲ ಷರತ್ತೂ ಸುಳ್ಳಾದರೆ ಏನು ಮಾಡಬೇಕೆಂದು ಕೊನೆಯಲ್ಲಿ ಒಂದು ಸಾಲು ಬರೆಯಬಹುದು. ಬರೆಯದಿದ್ದರೆ ಅದು ಏನೂ ಮಾಡದೆ, ಯಾರಿಗೂ ಏನೂ ಹೇಳದೆ, ಮುಂದೆ ಹೋಗುತ್ತದೆ.

ಹಿಂದಿನ ಮದುವೆಯ ಪ್ರಶ್ನೆಗೆ ಬಂದ ದಿನ ಚೆನ್ನಾಗಿ ನೆನಪಿದೆ. ನಾನು ಕಾಗದದ ಮೇಲೆ ಅಂಕಿ ಹಾಕುತ್ತ ಹೋದೆ.

“ಮೊದಲ್ನೇ ಮದಿವಿ ಇದ್ರ?”

“ಒಂದು ಅಂತ ಬರೀರಿ ಅಕ್ಕಾರ. ಒಂದನೇ ಪಟ್ಟಿಗೆ ಹೋಗ್ತದ.”

“ಸೋಡಚೀಟಿ ಆಗಿದ್ರ?”

“ಎರಡು. ವಿಚ್ಛೇದನ ಆದವರೆಲ್ಲ ಎರಡನೇ ಪಟ್ಟಿ.”

“ಗಂಡನೋ ಹೆಂಡ್ತಿನೋ ತೀರಿಕೊಂಡಿದ್ರ?”

“ಮೂರು.”

“ಇಲ್ಲಾಂದ್ರ?”

ನಾನು ನಕ್ಕೆ. “ಮತ್ತ್ಯಾರು ಉಳದಾರ್ರಿ? ಮೂರೇ ಥರಾ ಮಂದಿ ಇರೂದು.”

“ನೀ ನೋಡಿದ್ದು ಮೂರು ಥರಾ. ನಾ ಪೋಸ್ಟಿನ್ಯಾಗ ಮೂವತ್ತು ವರ್ಷ ಕೂತೀನಿ. ವಿಳಾಸ ಸರಿ ಇಲ್ಲದ ಪತ್ರನೂ ಯಾರೋ ಒಬ್ಬರು ಮನಸ್ಸಿಟ್ಟು ಬರದಿರ್ತಾರ. ಯಾವುದಕ್ಕೂ ಕೂಡದವರಿಗೆ ನಾಕು ಅಂತ ಹಾಕು. ಅವರ ಪಟ್ಟಿ ಬ್ಯಾರೆ ತಗದು ನನ್ನ ಕೈಯಾಗ ಕೊಡು, ನಾ ನೋಡ್ತೀನಿ.”

“ಹಾಕ್ತೀನ್ರಿ” ಎಂದೆ. ಹಾಕಲಿಲ್ಲ. ಕಾರಣ ಹೇಳಲು ನಾಚಿಕೆಯಾಗುತ್ತದೆ. ನಾಲ್ಕನೇ ಪಟ್ಟಿ ಸೇರಿಸಿದರೆ ಮುದ್ರಣವಾಗಿ ಬರುವ ಹಾಳೆಯ ಅಂಕಣಗಳು ಅಂದಗೆಡುತ್ತಿದ್ದವು. ಮರುದಿನ ದೇಶಪಾಂಡೆಯವರು ಸದಸ್ಯರನ್ನೆಲ್ಲ ಕರೆದು ಪ್ರದರ್ಶನ ಇಟ್ಟುಕೊಂಡಿದ್ದರು, ನನಗೆ ಶಾಲು ಹೊದಿಸುವವರಿದ್ದರು. ಆಮೇಲೆ ಹಾಕಿದರಾಯಿತು ಎಂದುಕೊಂಡೆ. ಶಾಲು ಬಂತು, ಪ್ರಿಂಟರ್ ಕಿರಗುಟ್ಟುತ್ತ ಪಟ್ಟಿ ಉಗುಳಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸಾಲು ಮರೆತೇಹೋಯಿತು. ಮರದ ಖಾನೆಗಳನ್ನು ಮಂಡಳಿಯವರು ಅಟ್ಟಕ್ಕೆ ಏರಿಸಿದರು. ಗೋದಕ್ಕ ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಇನ್ನು ಮೇಲೆ ಫಾರಂ ತುಂಬಿ ಕೊಡುವುದಷ್ಟೇ ತಮ್ಮ ಕೆಲಸ ಎಂದು ಒಪ್ಪಿಕೊಂಡರು. ಅವರು ತುಂಬಿದ ಫಾರಂ ನೋಡಿ ಕೀಲಿ ಒತ್ತುತ್ತಿದ್ದವನು ನಾನು.

ಆ ವರ್ಷವೇ ಸಾಸವಡದಿಂದ ವಸಂತರಾಯರು ಬಂದರು. ನೀರಾವರಿ ಇಲಾಖೆಯಲ್ಲಿ ಕಾರಕೂನರಾಗಿದ್ದು ನಿವೃತ್ತರಾದವರು. ಮಗಳು ವಿಮಲಾ ಅಲ್ಲಿಯ ಶಾಲೆಯಲ್ಲಿ ಶಿಕ್ಷಕಿ. ಅವಳ ಮದುವೆಯಾಗಿ ಒಂದು ತಿಂಗಳಿಗೆ ಗಂಡಿಗೆ ಆಗಲೇ ಒಬ್ಬ ಹೆಂಡತಿ ಇದ್ದಾಳೆಂದು ಗೊತ್ತಾಗಿ, ಅದು ಮದುವೆಯೇ ಅಲ್ಲ ಎಂದು ಕೋರ್ಟು ಹೇಳಿತ್ತು. ಹಾಗಾಗಿ ಅವಳದು ಮೊದಲನೇ ಮದುವೆ ಎನ್ನುವಂತಿಲ್ಲ, ಸೋಡಚೀಟಿಯಲ್ಲ, ವಿಧವೆಯಂತೂ ಅಲ್ಲವೇ ಅಲ್ಲ. ಗೋದಕ್ಕ ಫಾರಂನಲ್ಲಿ ತಮ್ಮ ದುಂಡು ಅಕ್ಷರದಲ್ಲಿ ನಾಲ್ಕು ಎಂದು ಬರೆದರು. ನಾನು ನಾಲ್ಕು ಒತ್ತಿದೆ. ಒತ್ತುವಾಗ ಬೆರಳಿಗಾದರೂ ಏನಾದರೂ ಅನ್ನಿಸಬೇಕಿತ್ತು.

ಎರಡು ವರ್ಷಕ್ಕೂ ಹೆಚ್ಚು ಕಾಲ ವಿಮಲಾಳ ಹೆಸರು ಯಾವ ಪಟ್ಟಿಯಲ್ಲೂ ಬರಲಿಲ್ಲ. ವಸಂತರಾಯರು ಪ್ರತಿ ತಿಂಗಳ ಮೊದಲ ಭಾನುವಾರ ಎಸ್‌ಟಿ ಬಸ್ಸು ಹಿಡಿದು ಬರುತ್ತಿದ್ದರು. ಒಂದು ವರ್ಷ ಆಷಾಢದ ಯಾತ್ರೆಯ ಪಾಲಖಿಗಾಗಿ ಬಸ್ಸು ನಿಂತಿದ್ದಾಗ, ಘಾಟಿಯುದ್ದಕ್ಕೂ ಕಾಲ್ನಡಿಗೆಯ ಯಾತ್ರಿಕರಾದ ವಾರಕರಿಗಳ ಎದುರು ನಡೆದು, ಕೊಡೆಯಿದ್ದೂ ತೊಯ್ದು ಬಂದಿದ್ದರು. “ಕಂಪ್ಯೂಟರ್ ನೋಡ್ಯದ ವಸಂತರಾಯರ, ಇನ್ನೂ ಯಾರೂ ಕೂಡಿಲ್ಲ” ಎಂದು ಗೋದಕ್ಕ ಹೇಳಿದರು. ಬೇರೆ ಯಾರ ಮಾತಿಗಾದರೂ ‘ಇಲ್ಲಾಂದ್ರ’ ಎನ್ನುತ್ತಿದ್ದವರು ನನ್ನ ಪ್ರೋಗ್ರಾಮನ್ನು ಪೂರ್ತಿ ನಂಬಿ, ನಾಲ್ಕನೇ ಪಟ್ಟಿ ಕೈಗೆ ಬರದಿದ್ದರೂ ಯಾರೂ ಹೊಂದಿಲ್ಲವೆಂದೇ ತಿಳಿದಿದ್ದರು. ತಾವು ಹೇಳಿದ್ದನ್ನು ನಾನು ಬರೆದಿದ್ದೇನೆ ಎಂಬ ಒಂದೇ ಕಾರಣಕ್ಕೆ.

ಎರಡು ಸಾವಿರದ ಇಸವಿ ಹತ್ತಿರ ಬಂದಾಗ ಎಲ್ಲ ಕಂಪ್ಯೂಟರ್‌ಗಳೂ ವರ್ಷದ ಲೆಕ್ಕ ತಪ್ಪುತ್ತವೆಂಬ ಗದ್ದಲ ಎದ್ದಿತ್ತಲ್ಲ, ಆಗ ನಾನು ಮಂಡಳಿಯ ಪ್ರೋಗ್ರಾಮನ್ನು ಮತ್ತೆ ತೆರೆದೆ. ಷರತ್ತುಗಳನ್ನು ಓದುತ್ತ ಬಂದು, ಮೂರರ ಕೆಳಗೆ ಖಾಲಿ ಜಾಗ ಕಂಡೆ. ಹುಡುಕಿದರೆ ನಾಲ್ಕು ಎಂದಿದ್ದ ಹನ್ನೊಂದು ಹೆಸರು ಸಿಕ್ಕವು. ಎರಡು ಸಾಲು ಸೇರಿಸಿದೆ. ಹೊಸ ನಾಲ್ಕನೇ ಪಟ್ಟಿಯಲ್ಲಿ ವಿಮಲಾ ಮೊದಲನೆಯವಳು. ಅವಳಿಗೆ ಹೊಂದುವವರು ಯಾರಿದ್ದರೆಂದು ಹಳೆಯ ಚೀಟಿಗಳನ್ನೆಲ್ಲ ಸೇರಿಸಿ ನೋಡಿದೆ. ಬೆಳಗಾವಿಯ ಒಬ್ಬ ಹೈಸ್ಕೂಲು ಮಾಸ್ತರರಿದ್ದರು, ಹೆಂಡತಿ ತೀರಿಹೋದವರು. ಇಬ್ಬರ ಫಾರಂಗಳೂ ಒಂದೇ ತಿಂಗಳು ಬಂದಿದ್ದವು. ಮಾಸ್ತರರಿಗೆ ಬೇರೆ ಕಡೆ ಮದುವೆಯಾಗಿ ಎಂಟು ತಿಂಗಳಾಗಿತ್ತು.

ಅಷ್ಟರಲ್ಲಿ ವಸಂತರಾಯರಿಗೂ ಯಾರಿಂದಲೋ ಆ ಮಾಸ್ತರರ ಸುದ್ದಿ ಮುಟ್ಟಿತು. ಇಂಥ ಸಂಬಂಧ ಮಂಡಳಿಯಲ್ಲೇ ಇದ್ದೂ ತಮಗೆ ಯಾಕೆ ತಿಳಿಸಲಿಲ್ಲ ಎಂದು ಸಭೆಗೆ ಬಂದು ನಿಂತರು. “ನನ್ನ ಮಗಳ ಕಾಗದ ಬೇಕಂತನ ಬಾಜೂಕ ಇಟ್ಟೀರಿ ಗೋದಕ್ಕಾರ. ಆಕೀದು ಒಲ್ಲದ ಪ್ರಕರಣ ಅಂತ ಅನಿಸಿತ್ತಲ್ಲ ನಿಮಗ” ಎಂದರು. ದನಿ ಏರಿರಲಿಲ್ಲ. ಏರಿದ್ದರೆ ಕೇಳುವುದು ಸುಲಭವಾಗುತ್ತಿತ್ತು.

ದೇಶಪಾಂಡೆಯವರು ನನ್ನ ಕಡೆ ತಿರುಗಿದರು. “ನೀವು ಹೇಳ್ರಿ. ಕಂಪ್ಯೂಟರ್‌ನಾಗ ಏನರೆ ತಪ್ಪಿತ್ತೇನು?”

ಮೂವತ್ತು ಜನ ನನ್ನನ್ನೇ ನೋಡುತ್ತಿದ್ದರು. ದೊಡ್ಡ ಕಂಪನಿಯೊಂದರ ನೌಕರಿಗೆ ನಾನು ಆಗ ಅರ್ಜಿ ಹಾಕಿದ್ದೆ. ಮಂಡಳಿಯ ಈ ಪ್ರೋಗ್ರಾಮನ್ನು ಅದರಲ್ಲಿ ನನ್ನ ದೊಡ್ಡ ಸಾಧನೆಯೆಂದು ಬರೆದುಕೊಂಡಿದ್ದೆ. “ಇಲ್ಲರಿ” ಎಂದೆ. “ಫಾರಂನಾಗ ನಾಕು ಅಂತ ಬರದದ. ಇರೂವು ಮೂರೇ ಅಂಕಿ.” ಫಾರಂ ತರಿಸಿದರು. ದುಂಡು ಅಕ್ಷರದ ನಾಲ್ಕು ಎಲ್ಲರ ಕೈಯಿಂದ ಕೈಗೆ ಹೋಯಿತು. ವಯಸ್ಸಾಯಿತು, ಕಣ್ಣು ಕಾಣದೆ ತಪ್ಪು ಬರೆದಿದ್ದಾರೆ ಎಂದು ಯಾರೋ ಅಂದರು, ಉಳಿದವರು ತಲೆಯಾಡಿಸಿದರು. ಗೋದಕ್ಕ ಅದನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

ಸಭೆ ಮುಗಿದ ಮೇಲೆ ಅವರು ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಮೆಲ್ಲಗೆ ಕೇಳಿದರು. “ನಾಕು ಅಂತ ನಾ ನಿನಗ ಹೇಳಿದ್ನಲ್ಲ ತಮ್ಮಾ? ‘ಇಲ್ಲಾಂದ್ರ’ದ ಸಾಲು ನೀ ಹಾಕಿದ್ಯಲ್ಲ?”

“ಹಾಕೀನ್ರಿ ಅಕ್ಕಾರ” ಎಂದೆ. ಹಿಂದಿನ ವಾರವಷ್ಟೇ ಹಾಕಿದ್ದೆ, ಆದ್ದರಿಂದ ಪೂರ್ತಿ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. “ಆದ್ರ ಅವರ ಜಾಗಾ ಖಾಲಿ ಬಿಡಬೇಕು, ಅಂಕಿ ಮೂರೇ ಅಂತ ನಾ ಹೇಳಿದ್ದು. ನಿಮಗ ಮರ್ತಿರಬೇಕು.”

“ಹಂಗಾದ್ರ ನಂದೇ ತಪ್ಪು” ಎಂದರು. ಅವರು ನನ್ನನ್ನು ನಂಬಿದರು. ಬೈದಿದ್ದರೆ, ಅನುಮಾನಿಸಿದ್ದರೆ, ನಾನು ಎದುರು ವಾದಿಸಿ ಹೇಗೋ ಹಗುರಾಗುತ್ತಿದ್ದೆ. ನಂಬಿಬಿಟ್ಟರು.

ಕಣ್ಣಿನ ಡಾಕ್ಟರ್ ಪರೀಕ್ಷೆ ಮಾಡಿ, ಏನೂ ಆಗಿಲ್ಲ, ಹಳೆಯ ಕನ್ನಡಕವೇ ಸಾಕು ಎಂದರಂತೆ. ಗೋದಕ್ಕ ಡಾಕ್ಟರನ್ನು ನಂಬಲಿಲ್ಲ. ಕಣ್ಣೂ ನೆನಪೂ ಎರಡೂ ಕೈಕೊಟ್ಟವು, ಇಂಥವಳು ಮಂದಿಯ ಮನೆ ಹಾಳು ಮಾಡಬಾರದು ಎಂದು ವಧೂವರ ವಿಭಾಗ ಬಿಟ್ಟುಕೊಟ್ಟರು. ಮರುವಾರ ನನಗೆ ಹೇಳಿಕಳಿಸಿದರು. ಸಾಸವಡಕ್ಕೆ ಹೋಗಿ ವಿಮಲಾಳ ಕ್ಷಮೆ ಕೇಳಬೇಕು, ಬಸ್ಸಿನ ಫಲಕ ಓದಲು ತಮಗೆ ಧೈರ್ಯ ಸಾಲದು, ಜೊತೆಗೆ ಬರುತ್ತೀಯಾ ಎಂದು.

ಹೋದೆ. ಅದಕ್ಕಿಂತ ನಾಚಿಕೆಗೇಡಿನ ಪ್ರಯಾಣ ನನ್ನ ಜೀವನದಲ್ಲಿ ಇನ್ನೊಂದಿಲ್ಲ. ವಸಂತರಾಯರು ಒಳಗಿನಿಂದ ಹೊರಗೆ ಬರಲೇ ಇಲ್ಲ. ಗೋದಕ್ಕ ಅಂಗಳದ ಕಟ್ಟೆಯ ಮೇಲೆ ಕುಳಿತು ವಿಮಲಾಳ ಕೈ ಹಿಡಿದು, “ನನ್ನ ಕಣ್ಣು ಹೋಗ್ಯಾವ ಅಂತ ನನಗ ತಿಳೀಲಿಲ್ಲವಾ. ನಿನ್ನ ಎರಡು ವರ್ಷ ನಾ ತಿಂದೆ. ಮಾಫಿ ಮಾಡು” ಎಂದರು. ವಿಮಲಾ, “ಇರ್ಲಿ ಬಿಡ್ರಿ ಅಕ್ಕಾರ, ವಯಸ್ಸಿಗೆ ಆಗ್ತದ” ಎಂದು ಅವರ ಬೆನ್ನು ಸವರಿದಳು. ನನಗೂ ಒಂದು ತಟ್ಟೆ ಉಪ್ಪಿಟ್ಟು ಕೊಟ್ಟು, “ನೀವು ಅಕ್ಕಾರನ್ನ ಕರಕೊಂಡು ಬಂದ್ರಿ, ಭಾಳ ಛಲೋ ಮಾಡಿದ್ರಿ” ಎಂದಳು. ನಾನು ಆ ಉಪ್ಪಿಟ್ಟು ತಿಂದೆ. ಪೂರ್ತಿ ತಿಂದೆ.

ಮುಂದೆ ನನಗೆ ಆ ದೊಡ್ಡ ಕಂಪನಿಯ ನೌಕರಿ ಸಿಕ್ಕಿತು, ಹಿಂಜವಾಡಿಯಲ್ಲಿ ಕಚೇರಿ. ಕೈಕೆಳಗೆ ಹತ್ತು ಮಂದಿ. ಹೊಸಬರು ಬರೆದ ಪ್ರೋಗ್ರಾಂ ತಿದ್ದುವಾಗ ನಾನು ಮೊದಲು ನೋಡುತ್ತಿದ್ದುದು ಕೊನೆಯ ಸಾಲನ್ನು. “ಯಾವ ಷರತ್ತಿಗೂ ಸೇರದವನು ಬಂದರೆ ಏನು ಮಾಡ್ತೀರಿ?” ಎಂದು ಕೇಳುತ್ತಿದ್ದೆ. ಈ ಒಂದು ಪ್ರಶ್ನೆಯಿಂದ ನನಗೆ ಹೆಸರು ಬಂತು, ಬಡ್ತಿಯೂ ಬಂತು. ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ಅನುಭವ ಎನ್ನುತ್ತಿದ್ದೆ.

ಆ ಸಭೆಯಾಗಿ ಐದು ವರ್ಷದ ಮೇಲೆ, ಒಂದು ಭಾನುವಾರ, ತಡೆಯಲಾರದೆ ಗೋದಕ್ಕನ ಬಳಿ ಹೋದೆ. ವಾಡೆ ಕೆಡವಿದ್ದರಿಂದ ಅವರು ಕೊಂಢವಾದಲ್ಲಿ ತಂಗಿಯ ಮಗಳ ಮನೆಯಲ್ಲಿದ್ದರು. ಮೆಂತ್ಯಪಲ್ಲೆ ಸೋಸುತ್ತ ಕುಳಿತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವರ ಕೈ ನಿಂತಿತು.

“ಹಂಗಾದ್ರ ನನ್ನ ಕಣ್ಣು ಛಲೋ ಇದ್ವು” ಎಂದರು. ಸೊಪ್ಪಿನ ತಟ್ಟೆ ಬದಿಗೆ ಸರಿಸಿ, “ಐದು ವರ್ಷ ನಾ ಒಂದು ಪತ್ರ ಬರದಿಲ್ಲ. ತಪ್ಪು ಬರದೇನು ಅಂತ ಅಂಜಿಕಿ” ಎಂದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು. “ವಿಮಲಾಗ ಹೇಳಿದ್ಯೇನು?”

“ಇಲ್ಲರಿ. ಮೊದಲ ನಿಮಗ ಹೇಳೂಣಂತ ಬಂದೆ.”

“ನಂದು ಆಮ್ಯಾಲಿಂದು. ಮೊದಲ ಅಕಿಗೆ ಹೇಳು. ಹೇಳಿ ಬಂದು ಇಲ್ಲೆ ಕೂಡು, ಆಮ್ಯಾಲೆ ನಾ ನಿನಗ ಬೈತೀನಿ.”

“ಬರೂ ಭಾನುವಾರ ಹೋಗ್ತೀನ್ರಿ” ಎಂದೆ. ಅವರು ಮತ್ತೆ ಪಲ್ಲೆಯ ಕಡೆ ತಿರುಗಿದರು. ನಾನು ಕಾಯುತ್ತ ನಿಂತಿದ್ದೆ, ಅವರ ಬಾಯಿಂದ ‘ಇಲ್ಲಾಂದ್ರ?’ ಬರಲಿಲ್ಲ.

ಮುಂದಿನ ಭಾನುವಾರ ಕಚೇರಿಯಲ್ಲಿ ತುರ್ತು ಕೆಲಸವಿತ್ತು. ಅದರ ಮುಂದಿನದಕ್ಕೆ ಮೈಯಲ್ಲಿ ಸರಿಯಿರಲಿಲ್ಲ. ಮೂರನೆಯದಕ್ಕೆ ಕಾರಣವೂ ಇರಲಿಲ್ಲ, ಹೋಗಲಿಲ್ಲ ಅಷ್ಟೇ. ನಾಲ್ಕನೆಯ ವಾರದ ಬುಧವಾರ, ಗೋದಕ್ಕ ಮುಂಜಾನೆ ದೇವರ ಮುಂದೆ ಕೂತವರು ಏಳಲಿಲ್ಲ ಎಂದು ತಂಗಿಯ ಮಗಳ ಫೋನು ಬಂತು.

ಹದಿಮೂರನೆಯ ದಿನ ಕಳೆದ ಮೇಲೆ ಸಾಸವಡಕ್ಕೆ ಹೋದೆ. ವಿಮಲಾ ಅದೇ ಕಟ್ಟೆಯ ಮೇಲೆ ಕುಳಿತು ಶಾಲೆಯ ಮಕ್ಕಳ ನೋಟುಬುಕ್ಕು ತಿದ್ದುತ್ತಿದ್ದಳು. ಮದುವೆಯಾಗಿರಲಿಲ್ಲ. ತಂದೆ ಹೋಗಿ ಎರಡು ವರ್ಷವಾಗಿತ್ತು. ನಾನು ಹೇಳಿ ಮುಗಿಸುವವರೆಗೆ ಕೆಂಪು ಪೆನ್ನನ್ನು ಕೈಯಲ್ಲೇ ಹಿಡಿದಿದ್ದಳು.

“ಮದಿವಿ ಆಗಲಿಲ್ಲಂತ ನಾ ಏನೂ ಅಳಕೋತ ಕೂತಿಲ್ಲರಿ” ಎಂದಳು. “ಆದ್ರ ಯಾರಿಗೂ ನಾ ಬ್ಯಾಡಾಗಿದ್ದೆ ಅಂತ ಎರಡು ವರ್ಷ ತಿಳಕೊಂಡಿದ್ದೆ. ಅಪ್ಪ ಸಾಯೂತನಕಾ ಗೋದಕ್ಕಾರನ್ನ ಬೈದರು. ಅವರು ವರ್ಷಾ ದಸರಾಕ್ಕ ತಂಗಿ ಮಗಳ ಜೋಡಿ ಬನ್ನಿ ಕೊಡಲಿಕ್ಕೆ ಬಂದು ನನ್ನ ಕೈ ಹಿಡದು ಮಾಫಿ ಕೇಳ್ತಿದ್ರು. ವರ್ಷಾನೂ ನಾ ಮಾಫಿ ಮಾಡೀನ್ರಿ ಅಂತಿದ್ದೆ. ನನ್ನದು ಎಷ್ಟು ದೊಡ್ಡ ಮನಸ್ಸು ಅಂತ ಅನಿಸ್ತಿತ್ತು. ಅವರು ಏನೂ ಮಾಡೇ ಇರಲಿಲ್ಲ. ಈಗ ಆ ಮಾಫಿ ನಾ ಯಾರ ಹಂತ್ಯಾಕ ಹೋಗಿ ಹಿಂದಕ್ಕ ತಗೊಳ್ಳಿ?”

ನಾನೇನು ಮಾಡಬೇಕು ಹೇಳಿ ಎಂದೆ. ಅವಳು ನೋಟುಬುಕ್ಕು ಮುಚ್ಚಿದಳು. “ನನಗ ಹೇಳಿ ಏನು ಬಂತ್ರಿ? ಎಲ್ಲೆ ನಿಂತು ಇಲ್ಲ ಅಂದ್ರಿ, ಅಲ್ಲೆ ಹೋಗಿ ಹೌದು ಅನ್ರಿ.” ಈ ಸಲ ಉಪ್ಪಿಟ್ಟು ಕೊಡಲಿಲ್ಲ. ಅದೊಂದು ನನಗೆ ಸಮಾಧಾನವಾಯಿತು.

ಈಗ ಮಂಡಳಿಯವರು ವಾರ್ಷಿಕ ಸಂಚಿಕೆ ತರುತ್ತಿದ್ದಾರೆ. ಗೋದಕ್ಕನ ಸ್ವಭಾವ, ಸೇವೆ, ತಮಾಷೆ ಎಲ್ಲ ಸೇರಿಸಿ ಚೊಕ್ಕದಾಗಿ ಎರಡು ಪುಟ ಬರೆದುಕೊಡಿ, ನಿಮಗಿಂತ ಹೆಚ್ಚು ಅವರನ್ನು ಬಲ್ಲವರು ಯಾರಿದ್ದಾರೆ ಎಂದು ದೇಶಪಾಂಡೆಯವರು ಫೋನು ಮಾಡಿದ್ದರು. ಒಪ್ಪಿಕೊಂಡೆ. ಬರೆಯುವ ಮೊದಲು ಆ ಸಭೆಯ ನಡಾವಳಿ ತೆಗೆಸಿ ಓದಿದೆ. ‘ಗೋದಾವರಿಬಾಯಿಯವರ ದೃಷ್ಟಿದೋಷದಿಂದ ಫಾರಂನಲ್ಲಿ ತಪ್ಪಾಗಿದೆ’ ಎಂದು ಬರೆದಿದೆ, ಕೆಳಗೆ ಸಾಕ್ಷಿಯೆಂದು ನನ್ನ ಸಹಿ ಇದೆ. ಸಂಚಿಕೆ ಎಲ್ಲ ಸದಸ್ಯರ ಮನೆಗೂ ಹೋಗುತ್ತದೆ, ಅಂದು ಸಭೆಯಲ್ಲಿದ್ದ ಮೂವತ್ತು ಮಂದಿಯ ಮನೆಗೂ.

ದೇಶಪಾಂಡೆಯವರೇ, ಕಂಪ್ಯೂಟರ್‌ನಲ್ಲಿ ಏನಾದರೂ ತಪ್ಪಿತ್ತೇ ಎಂದು ಅಂದು ನೀವು ಎಲ್ಲರ ಮುಂದೆ ನನ್ನನ್ನು ಕೇಳಿದಿರಿ. ಹೌದ್ರಿ, ಇತ್ತು. ಗೋದಕ್ಕ ಸರಿಯಾಗಿಯೇ ಬರೆದಿದ್ದರು.